ದೊಡ್ಡ ಲೆನ್ಸಿನ ಮುಚ್ಚಳ ಕಳೆದ ಬಗೆ

ಒಂದು ದೊಡ್ಡ ಲೆನ್ಸಿನ ಬೆಲೆಗೆ ನನ್ನಂಥ ಟೈಲರಿಗೆ ಎರಡು ಹೊಲಿಗೆ ಮೆಷಿನ್ನು, ಒಂದು ಇಸ್ತ್ರಿ ಪೆಟ್ಟಿಗೆ ಬರುತ್ತವೆ. ಮಿಕ್ಕ ಚಿಲ್ಲರೆಯಲ್ಲಿ ವರ್ಷಕ್ಕಾಗುವಷ್ಟು ದಾರ. ಅದೇ ಲೆನ್ಸಿನ ಮುಂದೆ ಹಾಕುವ ಕರೀ ಪ್ಲಾಸ್ಟಿಕ್ ಮುಚ್ಚಳವಿದೆಯಲ್ಲ, ಅದರ ಬೆಲೆಗೆ ಒಂದು ಪ್ಯಾಂಟಿಗೆ ಹೊಸ ಜಿಪ್ಪು ಹಾಕಿಸಬಹುದು, ಅದೂ ಹಳೇ ಗಿರಾಕಿಯಾದರೆ. ಈ ಲೆಕ್ಕದಲ್ಲಿ ನಮ್ಮ ಭಾವ ಒಂಬತ್ತು ತಿಂಗಳಲ್ಲಿ ಆರು ಜಿಪ್ಪು ಕಳೆದರು. ಅದಕ್ಕೂ ಹಿಂದಿನ ಹತ್ತೊಂಬತ್ತು ವರ್ಷದಲ್ಲಿ ಅವರು ಕಳೆದ ಮುಚ್ಚಳಗಳ ಸಂಖ್ಯೆ ಸೊನ್ನೆ.

ಭಾವ ಎಂದರೆ ನಮ್ಮಕ್ಕನ ಗಂಡ. ಫೋಟೋಗ್ರಾಫರು. ನನ್ನ ಅಂಗಡಿಯ ಮೇಲಿನ ಮಹಡಿಯಲ್ಲೇ ಅವರ ಸ್ಟುಡಿಯೋ. ಫೋಟೋ ತೆಗೆಯುವ ಮುಂಚೆ "ಒಂದ್ನಿಮಿಷ, ಒಂದ್ನಿಮಿಷ" ಎನ್ನುತ್ತಾ ಜನರನ್ನು ಕಾಲು ಗಂಟೆ ನಿಲ್ಲಿಸುವುದರಿಂದ ಬೀದಿಯಲ್ಲಿ ಅವರಿಗೆ 'ಒಂದ್ನಿಮಿಷದವರು' ಎಂದೇ ಹೆಸರು. ಫೋಟೋ ಮಾತ್ರ ಚೆನ್ನಾಗಿ ಬರುತ್ತದೆ. ಹತ್ತು ಜನ ನಿಂತಿದ್ದರೆ ಹತ್ತೂ ಜನರ ಕಣ್ಣು ತೆರೆದೇ ಇರುತ್ತವೆ. ಅಷ್ಟು ಹೊತ್ತು ನಿಂತವರಿಗೆ ರೆಪ್ಪೆ ಬಡಿಯಲೂ ಭಯ.

ಅವರು ಕೆಲಸ ಮಾಡುವ ರೀತಿಯೇ ಬೇರೆ. ಅಕ್ಕ ಅವರ ಎಡಗಡೆ ನಿಲ್ಲಬೇಕು. ಭಾವ ಕಣ್ಣನ್ನು ಕ್ಯಾಮೆರಾದಿಂದ ಕೀಳದೆ, ಎಡಗೈಯಲ್ಲಿ ಮುಚ್ಚಳ ತೆಗೆದು, ಹಾಗೇ ಪಕ್ಕಕ್ಕೆ ಚಾಚುತ್ತಾರೆ. ಅಲ್ಲಿ ಅಕ್ಕನ ಅಂಗೈ ಇರುತ್ತದೆ. ಮುಚ್ಚಳ ಅದರಲ್ಲಿಟ್ಟು, ಅವಳ ಬೆರಳುಗಳನ್ನು ತಾವೇ ಮಡಚಿ, "ಹಿಡ್ಕೊಳೇ, ಬಿಡಬೇಡ" ಎನ್ನುತ್ತಾರೆ. ಅಕ್ಕ "ಹ್ಞೂಂ" ಎನ್ನುತ್ತಾಳೆ. ಹತ್ತೊಂಬತ್ತು ವರ್ಷ, ಸಾವಿರಾರು ಫೋಟೋ, ಇದೇ ಸಂಭಾಷಣೆ. ಎರಡು ಲೆನ್ಸಿನ ಮುಚ್ಚಳ ಅದಲುಬದಲಾಗದಿರಲಿ ಎಂದು ಅಕ್ಕ ದೊಡ್ಡದರ ಒಳಮೈಗೆ ಉಗುರುಬಣ್ಣದಲ್ಲಿ ಒಂದು ಕೆಂಪು ಚುಕ್ಕೆ ಇಟ್ಟಿದ್ದಳು.

ಆಮೇಲೆ ಎಲ್ಲರ ಕೈಗೂ ಫೋನು ಬಂತು, ಫೋನಿಗೆ ಕ್ಯಾಮೆರಾ ಬಂತು, ಸ್ಟುಡಿಯೋಗೆ ಬರುವವರು ಅರ್ಧಕ್ಕಿಳಿದರು. ರೈಲಿನಲ್ಲಿ ಆರು ಗಂಟೆ ದೂರದ ಊರಲ್ಲಿ ಹೆಣ್ಣುಮಕ್ಕಳ ತರಬೇತಿ ಹಾಸ್ಟೆಲಿಗೆ ವಾರ್ಡನ್ ಬೇಕಾಗಿದ್ದಾರೆ ಎಂದು ಗೊತ್ತಾದಾಗ ಅಕ್ಕ ಅರ್ಜಿ ಹಾಕಿದಳು, ಕೆಲಸ ಸಿಕ್ಕಿತು, ಹೋದಳು. ಒಂದು ವರ್ಷದ ಕರಾರು. ದಿನಾ ರಾತ್ರಿ ಎಂಟಕ್ಕೆ ಫೋನು. ಭಾವ ನನ್ನ ಅಂಗಡಿಯ ಕಟಿಂಗ್ ಟೇಬಲ್ಲಿನ ಮೂಲೆಯಲ್ಲಿ ಕೂತೇ ಮಾತಾಡುತ್ತಿದ್ದರಿಂದ ಆ ಮಾತೆಲ್ಲ ನನಗೆ ಬಾಯಿಪಾಠ.

"ಊಟ ಆಯ್ತೇನೇ?"

ಆ ಕಡೆಯಿಂದ ಏನೋ ಉತ್ತರ.

"ನಂದೂ ಆಯ್ತು. ಮೊನ್ನೆ ಇನ್ನೊಂದು ಮುಚ್ಚಳ ಹೋಯ್ತು ಕಣೇ... ಎಲ್ಲಿಟ್ಟಿದ್ದೆ ಅಂದ್ರೆ? ಇಟ್ಟಿದ್ರೆ ಇರ್ತಿತ್ತಲ್ಲ!... ಹ್ಞೂಂ, ತಗೋತೀನಿ ಬಿಡು ಇನ್ನೊಂದು. ನೀನಿದ್ದಾಗ ಹೋಗ್ತಿರ್ಲಿಲ್ಲ ಅಂತ ಹೇಳ್ದೆ ಅಷ್ಟೆ. ಸರಿ, ಇಡ್ಲಾ?"

ಫೋನಿಟ್ಟ ಮೇಲೆ ಅದರ ಮುಖವನ್ನೇ ನೋಡುತ್ತಾ ಇನ್ನರ್ಧ ಗಂಟೆ ಕೂರುತ್ತಿದ್ದರು. ನಾನು ಅವರ ಮೊಣಕೈ ಕೆಳಗಿಂದ ಬಟ್ಟೆ ಎಳೆದುಕೊಂಡು ಕತ್ತರಿಸುತ್ತಿದ್ದೆ.

ವರ್ಷ ಮುಗಿಯಲು ಇನ್ನೂ ಮೂರು ತಿಂಗಳಿರುವಾಗಲೇ ಹಾಸ್ಟೆಲಿನವರು ಅಕ್ಕನಿಗೆ ಇನ್ನೆರಡು ವರ್ಷ ಇರಿ ಎಂದರು. ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ನಾನು ಭಾವನಿಗೆ ಹೇಳಿದೆ, "ಬಾ ಅಂತ ಒಂದು ಮಾತು ಹೇಳಿ ಭಾವ."

"ಯಾವ ಬಾಯಲ್ಲಿ ಹೇಳ್ಲಯ್ಯಾ? ಅಲ್ಲಿ ಅವಳಿಗೆ ಮೇಜಿದೆ, ಕುರ್ಚಿ ಇದೆ, ಬೆಲ್ಲಿದೆ. ಒಂದು ಸಲ ಬೆಲ್ ಒತ್ತಿದ್ರೆ ನಲವತ್ತು ಜನ ಬಂದು ನಿಲ್ತಾರೆ. ಇಲ್ಲಿ ಇರೋನು ನಾನೊಬ್ಬ. ನಾನೂ ಬೆಲ್ಲಿಗೆ ಬರೋನಲ್ಲ."

ಅತ್ತ ಅಕ್ಕ ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದ್ದು ಇದು: "ಅವರು ಒಂದೇ ಒಂದು ಸಲ ಬಾ ಅನ್ಲಿ, ಮಾರನೇ ದಿನ ಟ್ರಂಕು ಕಟ್ತೀನಿ. ಆ ಮನುಷ್ಯನಿಗೆ ಮುಚ್ಚಳದ ಮಾತು ಬಿಟ್ರೆ ಬೇರೆ ಮಾತೇ ಇಲ್ಲ. ನಾನು ಬೇಕಾ, ಮುಚ್ಚಳ ಹಿಡಿಯೋಳು ಬೇಕಾ? ನೀನು ಹೇಳ್ಕೊಟ್ಟು ಹೇಳ್ಸಿದ್ಯೋ, ನಿನ್ನ ಮನೆ ಹೊಸ್ತಿಲು ತುಳಿಯೋಲ್ಲ." ನನ್ನ ಹೆಂಡತಿ ಅಂಜಿದಳು, ನನಗೂ ಬಾಯಿ ಹೊಲಿದಳು. ಹೊಲಿಯುವವನ ಬಾಯಿ ಹೊಲಿದ ಹೆಂಗಸು ಅವಳೊಬ್ಬಳೇ.

ಹಾಗಾಗಿ ನನ್ನ ಕೈಲಾದ ಸಹಾಯ ಬೇರೆ ದಾರಿಯಲ್ಲಿ ಮಾಡಿದೆ. ಭಾವನ ಅಂಗಿಗೆ ಒಳಗಡೆ ಒಂದು ಜೇಬು ಹೊಲಿದು, ಮೇಲೆ ಪಟ್ಟಿ ಇಟ್ಟು, ಗುಂಡಿ ಹಾಕಿಕೊಟ್ಟೆ. ಅದರಲ್ಲಿ ಏನೇ ಇಟ್ಟರೂ ಬೀಳುವ ಮಾತಿಲ್ಲ. ಆದರೆ ಗುಂಡಿ ಬಿಚ್ಚಲು ಎರಡು ಕೈ ಬೇಕು, ಕ್ಯಾಮೆರಾ ಹಿಡಿದವರ ಹತ್ತಿರ ಒಂದೇ ಕೈ ಇರುತ್ತದೆ ಎನ್ನುವುದನ್ನು ನಾವಿಬ್ಬರೂ ಯೋಚಿಸಿರಲಿಲ್ಲ. ಆ ಜೇಬಿಗೆ ಭಾವ ಕರೆಂಟ್ ಬಿಲ್ಲು, ರಸೀದಿ ತುಂಬಿದರು. ಮುಚ್ಚಳ ಪಾರ್ಕಿನ ಬೆಂಚಿನ ಮೇಲೇ ಉಳಿಯಿತು.

ಆಮೇಲೆ ದಾರ. ಮುಚ್ಚಳಕ್ಕೆ ತೂತು ಕೊರೆದು, ಗಟ್ಟಿ ದಾರದಿಂದ ಕ್ಯಾಮೆರಾಗೇ ಕಟ್ಟಿದೆ. ಒಂದು ವಾರ ಅದ್ಭುತವಾಗಿ ನಡೆಯಿತು. ಎಂಟನೇ ದಿನ ನೀರು ಸರಬರಾಜು ಕಚೇರಿಯಲ್ಲಿ ದೊಡ್ಡ ಇಂಜಿನಿಯರು ನಿವೃತ್ತರಾಗುವ ಸಮಾರಂಭ. ಅಂಗಳದಲ್ಲಿ ನೂರು ಜನ, ಭಾವ ಎರಡನೇ ಮಹಡಿಯ ಬಾಲ್ಕನಿಯಲ್ಲಿ. ಕ್ಯಾಮೆರಾ ಕೆಳಗೆ ಬಗ್ಗಿಸಿದರೆ ದಾರದ ಮುಚ್ಚಳ ಲೆನ್ಸಿನ ಮುಂದೆಯೇ ನೇತಾಡುತ್ತದೆ ತಾನೇ? ಭಾವನಿಗೆ ಕಂಡದ್ದು, ಮುಂದಿನ ಸಾಲಿನ ಮಧ್ಯದಲ್ಲಿ ಒಬ್ಬರು ಕರೀ ಟೋಪಿ ಹಾಕಿ ಕೂತಿದ್ದಾರೆ ಅಂತ.

"ಸಾರ್, ಟೋಪಿ ತೆಗೀರಿ!" ಎಂದು ಮೇಲಿಂದ ಕೂಗಿದರು.

ಇಂಜಿನಿಯರು ತಮ್ಮ ಬೋಳು ತಲೆ ಮುಟ್ಟಿ ನೋಡಿಕೊಂಡರು.

"ಒಂದ್ನಿಮಿಷ! ಮಧ್ಯದ ಸಾರ್! ನಿಮಗೇ ಹೇಳ್ತಿರೋದು! ಟೋಪಿ!"

ಮೂರನೇ ಸಲಕ್ಕೆ ಇಂಜಿನಿಯರು ಎದ್ದು ನಿಂತು, "ಮೂವತ್ತೈದು ವರ್ಷ ಈ ಊರಿಗೆ ನೀರು ಬಿಟ್ಟಿದ್ದೀನಿ, ನನ್ನ ತಲೆ ಮೇಲೆ ಏನಿದೆ ಏನಿಲ್ಲ ಅನ್ನೋದು ನನಗೆ ಗೊತ್ತಿದೆ!" ಎಂದು ಗುಡುಗಿದರು. ಅಚ್ಚಾಗಿ ಬಂದ ಫೋಟೋದಲ್ಲಿ ತೊಂಬತ್ತೊಂಬತ್ತು ಜನ ಸ್ಪಷ್ಟವಾಗಿದ್ದರು. ನಿವೃತ್ತರಾದವರ ಕುತ್ತಿಗೆಯ ಮೇಲೆ ಒಂದು ಕಪ್ಪು ಚಂದ್ರ ಮೂಡಿತ್ತು.

ಭಾವ ದಾರ ಕತ್ತರಿಸಿ ಬಿಸಾಡಿದರು. ಆ ಹೊತ್ತಿಗೆ ಅಕ್ಕನ ಕಾಲದ ಮುಚ್ಚಳ ಉಳಿದಿದ್ದು ಒಂದೇ, ದೊಡ್ಡ ಲೆನ್ಸಿನದು, ಕೆಂಪು ಚುಕ್ಕೆಯದು. ಅದನ್ನು ದೊಡ್ಡ ಸಮಾರಂಭಗಳಿಗೆ ಮಾತ್ರ ಹೊರಗೆ ತೆಗೆಯುತ್ತಿದ್ದರು.

ಅಂಥ ಸಮಾರಂಭ ಬಂತು: ಲೈಬ್ರರಿಯ ಹೊಸ ವಾಚನಾಲಯದ ಉದ್ಘಾಟನೆ. ಲೈಬ್ರರಿ ಮೇಡಂ ಅಂದರೆ ನಮ್ಮೂರಲ್ಲಿ ಎಲ್ಲರಿಗೂ ಒಂದು ಹೆದರಿಕೆ. ಐವತ್ತು ದಾಟಿದವರು, ಒಬ್ಬರೇ ಇರುವವರು, ನಿಯಮದವರು. ಅವರ ಲೈಬ್ರರಿಯಲ್ಲಿ ಫ್ಯಾನು ಕೂಡ ಸದ್ದು ಮಾಡದೆ ತಿರುಗುತ್ತದೆ. ಅವತ್ತು ನಿರೂಪಣೆಯೂ ಅವರದೇ. ಎಡಗೈಯಲ್ಲಿ ಮೈಕು ಹಿಡಿದು, ಬಲಗೈ ಖಾಲಿ ಬಿಟ್ಟುಕೊಂಡು, ಭಾವನ ಪಕ್ಕದಲ್ಲೇ ನಿಂತಿದ್ದರು. ಎಡ ಪಕ್ಕದಲ್ಲಿ.

ಅಧ್ಯಕ್ಷರು ರಿಬ್ಬನ್ನಿಗೆ ಕತ್ತರಿ ಇಟ್ಟರು. ಭಾವ ಕಣ್ಣನ್ನು ಕ್ಯಾಮೆರಾಗಿಟ್ಟು, ಮುಚ್ಚಳ ತೆಗೆದು, ಎಡಕ್ಕೆ ಕೈ ಚಾಚಿದರು. ಅಲ್ಲೊಂದು ಕೈ ಸಿಕ್ಕಿತು. ಮುಚ್ಚಳ ಅದರಲ್ಲಿಟ್ಟು, ಬೆರಳು ಒಂದೊಂದಾಗಿ ಮಡಚಿ, "ಹಿಡ್ಕೊಳೇ, ಬಿಡಬೇಡ" ಎಂದರು.

ಮೈಕು ಚೆನ್ನಾಗಿ ಕೆಲಸ ಮಾಡುತ್ತಿತ್ತು. ನಾಲ್ಕೂ ಸ್ಪೀಕರಿನಲ್ಲಿ ಬಂತು.

ಮುನ್ನೂರು ಜನ ಉಸಿರು ಹಿಡಿದರು. ಅಧ್ಯಕ್ಷರ ಕತ್ತರಿ ರಿಬ್ಬನ್ನು ಬಿಟ್ಟು ಗಾಳಿ ಕತ್ತರಿಸಿತು. ಮೇಡಂ ಒಬ್ಬರೇ ಅಲ್ಲಾಡಲಿಲ್ಲ. ಮೈಕಿನಲ್ಲಿ ಅದೇ ಧ್ವನಿಯಲ್ಲಿ, "ಈಗ ಅಧ್ಯಕ್ಷರು ಇನ್ನೊಮ್ಮೆ ಪ್ರಯತ್ನಿಸುತ್ತಾರೆ" ಎಂದರು. ಭಾವ ಅಷ್ಟೂ ಫೋಟೋ ತೆಗೆದು, ಮುಚ್ಚಳಕ್ಕೆಂದು ಎಡಗೈ ಚಾಚಿ, ಏನೂ ಸಿಗದೆ ತಿರುಗಿ ನೋಡಿದರು. ನೋಡಿದ ಮೇಲೆ ಅವರು ಹಿಂಬಾಗಿಲಿಂದ ಓಡಿದ್ದು ನನ್ನ ಅಂಗಡಿಯ ಪರದೆ ಹಿಂದೆ ಬಂದೇ ನಿಂತಿತು.

"ಇನ್ನೊಂದು ಮುಚ್ಚಳ ತಗೊಳ್ಳಿ ಭಾವ, ಹೋಗ್ಲಿ," ಎಂದೆ.

"ಅದೇ ಬೇಕು," ಎಂದರು.

ಮಾರನೇ ದಿನ ಹೋದರೆ, ಮೇಡಂ ಆ ಮುಚ್ಚಳವನ್ನು ಸಿಕ್ಕ ವಸ್ತುಗಳ ರಿಜಿಸ್ಟರಿಗೆ ಏರಿಸಿಬಿಟ್ಟಿದ್ದರು: 'ಕ್ರಮಸಂಖ್ಯೆ ನಲವತ್ತೊಂದು. ಕಪ್ಪು ಮುಚ್ಚಳ, ಒಂದು.' ರಿಜಿಸ್ಟರಿಗೆ ಏರಿದ್ದು ಅರ್ಜಿಯಿಲ್ಲದೆ ಇಳಿಯುವುದಿಲ್ಲ. ಅರ್ಜಿಯ ಸಮಯ ಸಂಜೆ ನಾಲ್ಕರಿಂದ ಐದು. ವಾಚನಾಲಯದಲ್ಲಿ ಎಲ್ಲರ ಹಾಗೆ ಪಿಸುಮಾತಿನಲ್ಲೇ ವ್ಯವಹಾರ.

"ನಿಮ್ಮದೇ ಅನ್ನೋದಕ್ಕೆ ಗುರುತು?" ಮೇಡಂ ಪಿಸುಗುಟ್ಟಿದರು.

"ಒಳಗೆ ಕೆಂಪು ಚುಕ್ಕೆ ಇದೆ," ಭಾವ ಪಿಸುಗುಟ್ಟಿದರು.

"ಚುಕ್ಕೆ ಇಟ್ಟವರು ಯಾರು?"

"ನಮ್ಮನೆಯವಳು."

"ಹಾಗಾದ್ರೆ ಸಾಕ್ಷಿ ಅವರದೇ ಆಗ್ಬೇಕು. ಏಳನೇ ಕಾಲಮ್ಮಿನಲ್ಲಿ ಅವರ ಸಹಿ. ಆರನೇದು ನೀವು ತುಂಬಿ: ವಸ್ತು ಹೇಗೆ ಕಳೆಯಿತು, ವಿವರಿಸಿ."

ಭಾವ ಅಲ್ಲೇ ಕೂತು 'ಕಳೆಯಿತು' ಎಂದು ಬರೆದು ಕೊಟ್ಟರು. ವಿವರ ಸಾಲದು ಎಂದು ವಾಪಸ್ಸು ಬಂತು. ಮಾರನೇ ದಿನ 'ಪೂರ್ತಿಯಾಗಿ ಕಳೆಯಿತು' ಎಂದು ಬರೆದರು. ಮೇಡಂ ಕನ್ನಡಕ ತೆಗೆದು ಒರೆಸಿ, ಹೊಸ ಅರ್ಜಿ ಕೊಟ್ಟರು. ಹೀಗೆ ಭಾವ ವಾರವಿಡೀ ನಾಲ್ಕಕ್ಕೆ ತಲೆ ಬಾಚಿಕೊಂಡು ಹೊರಟರು. ಜೀವನದಲ್ಲಿ ಒಂದು ಪುಸ್ತಕ ತೆರೆಯದವರು.

ಎದುರಿನ ಔಷಧಿ ಅಂಗಡಿಯಮ್ಮ ಇದನ್ನು ನೋಡಿದರು. ಕಣ್ಣಿನ ಔಷಧಿ ಮಾರುವವರಿಗೆ ಕಣ್ಣು ಬಲು ಚುರುಕು. ನಾಲ್ಕನೇ ದಿನ ಪತ್ರಿಕೆ ಓದುವ ನೆವದಲ್ಲಿ ಒಳಗೇ ಹೋಗಿ ಬಂದು, ನನ್ನ ಹೆಂಡತಿಯ ಮುಂದೆ ವರದಿ ಒಪ್ಪಿಸಿದರು.

"ಪಿಸುಪಿಸು, ಪಿಸುಪಿಸು! ಇಬ್ಬರೂ! ತಲೆಗೆ ತಲೆ ತಾಗಿಸಿ!"

"ಲೈಬ್ರರೀಲಿ ಎಲ್ಲರೂ ಹಾಗೇ ಅಲ್ವಾ ಮಾತಾಡೋದು?"

"ಎಲ್ಲರೂ ಪುಸ್ತಕದ ವಿಷಯ ಪಿಸುಗುಡ್ತಾರೆ. ಇವರು ಕೆಂಪು ಚುಕ್ಕೆ ಅಂತಿದ್ರು! ನಿಮ್ಮ ಅತ್ತಿಗೆಗೆ ಒಂದು ಮಾತು ತಿಳಿಸೋದು ನನ್ನ ಧರ್ಮ."

ತಿಳಿಸಿಯೂ ಬಿಟ್ಟರು. ಅವತ್ತೇ ಅಕ್ಕ ನನಗೆ ಫೋನು ಮಾಡಿದಳು.

"ಏನೋ ಅದು, ಲೈಬ್ರರಿ ಕಥೆ?"

ನನಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಅಕ್ಕಾ, ಅದು ದೊಡ್ಡ ಕಥೆ, ಎದುರಿಗೆ ಸಿಕ್ಕಾಗ ಹೇಳ್ತೀನಿ. ಭಾವನ ಚಿಂತೆ ಬಿಡು ನೀನು. ಆರಾಮಾಗಿದ್ದಾರೆ. ದಿನಾ ತಲೆ ಬಾಚ್ಕೊಂಡು ಹುಡುಗನ ಹಾಗೆ ಓಡಾಡ್ತಿದ್ದಾರೆ."

"ಆರಾಮಾಗಿದ್ದಾರಾ?"

"ಬಹಳ ಆರಾಮು."

"ಸರಿ ಹಾಗಾದ್ರೆ," ಎಂದು ಇಟ್ಟಳು. ಅವಳ ಮನಸ್ಸಿಗೆ ಸಮಾಧಾನ ಹೇಳಿದೆ ಎಂದುಕೊಂಡು ನಾನು ಒಂದು ಲೋಟ ನೀರು ಕುಡಿದೆ.

ಇಷ್ಟರಲ್ಲಿ ಭಾವ ಮೂರನೇ ಅರ್ಜಿಯನ್ನು ನನ್ನ ಕಟಿಂಗ್ ಟೇಬಲ್ಲಿಗೆ ತಂದು ಬರೆಯಲು ಕೂತಿದ್ದರು. ಕೈಯಲ್ಲಿ ಪೆನ್ನು ಹಿಡಿದು ಗೋಡೆ ನೋಡಿದರು. ನನ್ನ ಟೇಪು ತೆಗೆದು ಆರನೇ ಕಾಲಮ್ಮಿನ ಅಗಲ ಅಳೆದರು. ಆಮೇಲೆ ಬರೆಯತೊಡಗಿದವರು ಕಾಲಂ ತುಂಬಿ, ಅಂಚು ತುಂಬಿ, ಹಾಳೆ ತಿರುಗಿಸಿ ಬರೆದರು. ನನಗೆ ತೋರಿಸಲಿಲ್ಲ. ಮಡಚಿ, ನಾನು ಹೊಲಿದುಕೊಟ್ಟ ಒಳಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡರು.

"ಅಕ್ಕನ ಸಹಿಗೆ ಪೋಸ್ಟ್ ಮಾಡ್ಬೇಕಲ್ಲ ಭಾವ?"

"ಮಾಡ್ತೀನಿ. ನಾಳೆ."

ನಾಳೆ, ನಾಡಿದ್ದು, ಆಚೆ ನಾಡಿದ್ದು. ಪೋಸ್ಟಾಫೀಸಿನವರೆಗೆ ಹೋಗುತ್ತಿದ್ದರು. ಡಬ್ಬದ ಮುಂದೆ ನಿಂತು ಗುಂಡಿ ಬಿಚ್ಚಿ, ಗುಂಡಿ ಹಾಕಿ, ವಾಪಸ್ಸು ಬರುತ್ತಿದ್ದರು. ಮೇಡಂ ಹತ್ತಿರ ದಿನಾ ಹೋಗಿ ಒಂದು ದಿನ ಹೆಚ್ಚು ಅವಕಾಶ ಕೇಳುತ್ತಿದ್ದರು. ತಿಂಗಳ ಕೊನೆಯೊಳಗೆ ಯಾರೂ ಬಿಡಿಸಿಕೊಳ್ಳದ ವಸ್ತು ವಿಲೇವಾರಿಯಾಗುತ್ತದೆ ಎಂದು ಮೇಡಂ ಪಿಸುಮಾತಿನಲ್ಲೇ ಎಚ್ಚರಿಸುತ್ತಿದ್ದರು. ಎದುರಂಗಡಿಯಮ್ಮ ಬಾಗಿಲಲ್ಲಿ ನಿಂತು ಎಣಿಸುತ್ತಿದ್ದರು.

ತಿಂಗಳ ಕೊನೆಯ ದಿನ, ಮೂವತ್ತನೇ ತಾರೀಕು ಶನಿವಾರ, ಸಂಜೆ ನಾಲ್ಕೂಕಾಲಿಗೆ ಅಕ್ಕ ಚೀಲ ಹಿಡಿದು ನನ್ನ ಅಂಗಡಿ ಮುಂದೆ ನಿಂತಿದ್ದಳು. ಮುಖ ಬಿಗಿದುಕೊಂಡಿತ್ತು.

"ಎಲ್ಲಿ ಅವರು?"

ನಾನು ಲೈಬ್ರರಿ ಕಡೆ ಬೆರಳು ತೋರಿಸಿದೆ. ಗಿರಾಕಿಯ ಪ್ಯಾಂಟನ್ನು ಸೂಜಿಗೇ ಬಿಟ್ಟು ಹಿಂದೆ ಓಡಿದೆ.

"ರೀ!" ಎಂದಳು ಅಕ್ಕ ವಾಚನಾಲಯದ ಬಾಗಿಲಲ್ಲಿ.

ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಮೇಡಂ ತುಟಿಯ ಮೇಲೆ ಬೆರಳಿಟ್ಟರು. ನಲವತ್ತು ಹುಡುಗಿಯರ ಬಾಯಿ ಮುಚ್ಚಿಸುವ ಅಕ್ಕ ಆ ಬೆರಳಿಗೆ ತಗ್ಗಿದಳು. ಹಾಗಾಗಿ ಹತ್ತೊಂಬತ್ತು ವರ್ಷದ ದಾಂಪತ್ಯದ ಅತಿ ದೊಡ್ಡ ಜಗಳ ಪಿಸುಮಾತಿನಲ್ಲಿ ನಡೆಯಿತು.

"ಏನ್ರೀ ಇದು? ಊರೆಲ್ಲ ಮಾತಾಡ್ತಿದೆ."

"ಮುಚ್ಚಳ ಕಣೇ. ದೊಡ್ಡ ಲೆನ್ಸಿಂದು."

"ಮತ್ತೆ ಮುಚ್ಚಳ! ಆರು ಗಂಟೆ ರೈಲಲ್ಲಿ ನಿಂತ್ಕೊಂಡು ಬಂದೆ, ಮುಚ್ಚಳದ ಕಥೆ ಕೇಳೋಕೆ?"

"ನಿಂತ್ಕೊಂಡು ಬಂದ್ಯಾ? ಸೀಟು ಸಿಗ್ಲಿಲ್ವಾ?"

"ಸೀಟಿನ ಮಾತು ಬಿಡಿ!"

ಮೇಡಂ ನಡುವೆ ಬಾಗಿದರು. "ಕೆಂಪು ಚುಕ್ಕೆಯವರು ನೀವೇನಾ? ಒಳ್ಳೇದಾಯ್ತು. ಇವತ್ತು ಕೊನೇ ದಿನ. ಇಲ್ಲಿ ಸಹಿ ಮಾಡಿ. ಮಾಡೋ ಮೊದ್ಲು ಆರನೇ ಕಾಲಂ ಓದ್ಬೇಕು, ಅದು ನಿಯಮ."

ಭಾವ ಎರಡೂ ಕೈಯಿಂದ ಗುಂಡಿ ಬಿಚ್ಚಿ ಅರ್ಜಿ ತೆಗೆದು, ಅಕ್ಕನ ಕೈಗೆ ಕೊಡದೆ, ಮೇಜಿನ ಮೇಲೆ ಅವಳ ಹತ್ತಿರಕ್ಕೆ ಸರಿಸಿದರು. ನಾನು ಅಕ್ಕನ ಭುಜದ ಮೇಲಿಂದ ಓದಿದೆ. ನಿಯಮ ನನಗೆ ಅನ್ವಯಿಸದಿದ್ದರೂ.

'ಫೋಟೋ ತೆಗೆಯುವಾಗ ನನ್ನ ಹೆಂಡತಿ ನನ್ನ ಎಡಗಡೆ ನಿಲ್ಲುತ್ತಾಳೆ. ಒಂಬತ್ತು ತಿಂಗಳಿಂದ ನಿಂತಿಲ್ಲ. ಇದು ನನಗೆ ಗೊತ್ತು. ನನ್ನ ಕೈಗೆ ಗೊತ್ತಿಲ್ಲ. ಅದು ದಿನಾ ಅವಳನ್ನು ಹುಡುಕುತ್ತದೆ. ಪಾರ್ಕಿನಲ್ಲಿ ಮುಚ್ಚಳವನ್ನು ಗಾಳಿಗೆ ಕೊಟ್ಟಿದ್ದೇನೆ, ಸ್ಕೂಲಿನಲ್ಲಿ ಗೋಡೆಗೆ ಕೊಟ್ಟಿದ್ದೇನೆ. ನಿಮ್ಮ ಸಮಾರಂಭದಲ್ಲಿ ಒಂದು ಕೈ ಸಿಕ್ಕಿತು. ಅವಳು ಬಂದುಬಿಟ್ಟಳು ಅಂದುಕೊಂಡೆ. ತಮಗೆ ಆದ ತೊಂದರೆಗೆ ಕ್ಷಮೆ ಇರಲಿ. ಆ ಐದು ನಿಮಿಷ ನಾನು ಚೆನ್ನಾಗಿದ್ದೆ. ಬೇರೆ ಮುಚ್ಚಳ ಸಿಗುತ್ತದೆ. ಅವಳಿಗೆ ಬಾ ಅನ್ನಬೇಕು. ಅವಳ ಕೆಲಸ ಚೆನ್ನಾಗಿದೆ, ಆದ್ದರಿಂದ ಅಂದಿಲ್ಲ.'

ಅಕ್ಕ ಒಂದು ಸಲ ಓದಿದಳು. ಹಾಳೆ ತಿರುಗಿಸಿ ಮತ್ತೆ ಮೊದಲಿಂದ ಓದಿದಳು. ಮೇಡಂ ಆ ಹೊತ್ತಿನಲ್ಲಿ ಹಿಂದಿನ ದಿನದ ಪತ್ರಿಕೆಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು, ತಲೆಕೆಳಗಾಗಿ.

"ಇದನ್ನ ಯಾವತ್ತು ಬರೆದ್ರಿ?" ಅಕ್ಕ ಕೇಳಿದಳು. ಯಾರೂ ಹೇಳದಿದ್ದರೂ ಈಗ ಧ್ವನಿ ತಾನಾಗಿಯೇ ಇಳಿದಿತ್ತು.

"ಇಪ್ಪತ್ತೊಂದಕ್ಕೆ."

"ಒಂಬತ್ತು ದಿನ ಎಲ್ಲಿತ್ತು?"

"ಜೇಬಲ್ಲಿ. ಭದ್ರವಾಗಿತ್ತು ಕಣೇ. ಬಿದ್ದಿಲ್ಲ."

ಅಕ್ಕ ಪೆನ್ನು ತೆಗೆದುಕೊಂಡು ಏಳನೇ ಕಾಲಮ್ಮಿನಲ್ಲಿ ಸಹಿ ಮಾಡಿದಳು. ಆಮೇಲೆ ಅಲ್ಲೇ ಕುರ್ಚಿಯಲ್ಲಿ ಕೂತು ಹೇಳಿದಳು, "ನಾನು ಇಪ್ಪತ್ತೇಳಕ್ಕೆ ಅಲ್ಲೂ ಸಹಿ ಮಾಡಿಬಿಟ್ಟೆ ರೀ. ಎರಡು ವರ್ಷಕ್ಕೆ. ನೀವು ಆರಾಮಾಗಿದ್ದೀರಿ ಅಂತ ಎಲ್ಲರೂ ಹೇಳಿದ್ರು."

ಎಲ್ಲರೂ ಎಂದಾಗ ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬಿಡಿಸ್ಕೊಳ್ಳೋಕೆ ಆಗಲ್ವಾ?" ಭಾವ ಕೇಳಿದರು.

"ಹುಡುಗೀರಿಗೆ ಹೇಳಿದ್ದೀನಿ. ಬೇರೆ ಅರ್ಜಿದಾರರನ್ನ ವಾಪಸ್ ಕಳಿಸಿದ್ದಾರೆ. ಮಾತು ಕೊಟ್ಟ ಮೇಲೆ ಹೇಗೆ ಬರ್ಲಿ?"

ಭಾವ ತಲೆಯಾಡಿಸಿದರು. ಮೇಡಂ ಡ್ರಾಯರಿನಿಂದ ಮುಚ್ಚಳ ತೆಗೆದು, ರಿಜಿಸ್ಟರಿನಲ್ಲಿ ನಲವತ್ತೊಂದನ್ನು ಗೆರೆಯೆಳೆದು ಹೊಡೆದು, ಮೇಜಿನ ಮೇಲಿಟ್ಟರು. ಅರ್ಜಿ ಕಚೇರಿಯ ಪ್ರತಿ, ಕೊಡುವಂತಿಲ್ಲ ಎಂದರು. ಅಕ್ಕ ಕೇಳಿದಳು. ಮೇಡಂ ಆಚೀಚೆ ನೋಡಿ, ವೃತ್ತಿಜೀವನದಲ್ಲಿ ಮೊದಲ ಸಲ ನಿಯಮ ಮುರಿದು, ಹಾಳೆಯನ್ನು ಮಡಚಿ ಅವಳ ಚೀಲಕ್ಕೆ ತುರುಕಿದರು.

ಭಾನುವಾರ ಮಧ್ಯಾಹ್ನದ ರೈಲಿಗೆ ಅಕ್ಕ ಹೊರಟಳು. ಭಾವ ಕಿಟಕಿಯ ಸೀಟು ಹಿಡಿದುಕೊಟ್ಟು, ಕೆಳಗಿಳಿದು, ಕಿಟಕಿಯ ಸರಳು ಹಿಡಿದು ನಿಂತರು. ನಾನು ಸ್ವಲ್ಪ ದೂರದಲ್ಲಿ ನಿಂತು ವೇಳಾಪಟ್ಟಿ ಓದಿದೆ. ರೈಲು ಅಲುಗಿದಾಗ ಭಾವ, "ಬಾರೇ," ಎಂದರು. ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಹೊರಟವರಿಗೆ ಎಲ್ಲರೂ ಹೋಗಿ ಬಾ ಎನ್ನುತ್ತಿದ್ದರೆ ಇವರೊಬ್ಬರೇ ಬಾ ಎಂದವರು. ಅಕ್ಕ ಕಿಟಕಿಯಿಂದ ಏನೋ ಹೇಳಿದಳು, ಗಾಲಿಗಳ ಸದ್ದಿನಲ್ಲಿ ಕೇಳಿಸಲಿಲ್ಲ.

ಈಗ ಫೋನಿನಲ್ಲಿ ಭಾವ ದಿನಾ ಬಾ ಎನ್ನುತ್ತಾರೆ. ಎರಡು ತಿಂಗಳಿಗೊಮ್ಮೆ ಎರಡು ದಿನ ಅಕ್ಕ ಬರುತ್ತಾಳೆ. ಮುಚ್ಚಳ ಸಿಕ್ಕಿತು. ಒಂಬತ್ತು ದಿನ ಜೇಬಿನಲ್ಲಿ ಉಳಿದ ಒಂದು ಹಾಳೆಗೆ, ಫೋನಿನಲ್ಲಿ ನಾನು ನಕ್ಕ ಒಂದು ನಗುವಿಗೆ, ಅವರಿಬ್ಬರ ಎರಡು ವರ್ಷ ಹೋಯಿತು.